ಮಾಡೆಲ್ ಎಲ್ಲರದ್ದು, ತಪ್ಪು ಯಾರದ್ದು? ಬಿಮ್ ಕೆಲಸಕ್ಕೆ ಕರಾರು ಹೇಗಿರಬೇಕು?

ಡಕ್ಟ್_ಮಂಜ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಮ್ಮದು ಆರು ಜನರ ಚಿಕ್ಕ ಎಂಇಪಿ ಆಫೀಸು. ಎಸಿ, ಎಲೆಕ್ಟ್ರಿಕಲ್, ಪ್ಲಂಬಿಂಗ್ ಮೂರನ್ನೂ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಮಾಡೆಲ್ ಮಾಡಿ ಕೊಡುತ್ತೇವೆ. ಬಿಮ್ ಅಂದರೆ ಇದೇ, ಕಟ್ಟಡದ ಮಾಹಿತಿಯೆಲ್ಲ ಇರುವ 3ಡಿ ಮಾಡೆಲ್. ಈಗ ಒಂದು ಆಸ್ಪತ್ರೆ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಊರು, ಹೆಸರು ಬೇಡ.

ಆಗಿದ್ದು ಇಷ್ಟು. ಎರಡನೇ ಮಹಡಿಯ ಕಾರಿಡಾರ್. ಫ್ಲೋರ್‌ನಿಂದ ಮೇಲಿನ ಸ್ಲ್ಯಾಬ್ ಮೇಲ್ಮೈವರೆಗೆ 3600 ಮಿಮೀ. ಮಾಡೆಲ್‌ನಲ್ಲಿ ಬೀಮ್ ಆಳ 600. ಅದರ ಕೆಳಗೆ ನಮ್ಮ 1000x400 ಡಕ್ಟ್, ಇನ್ಸುಲೇಶನ್ ಸೇರಿ 450, ಸಪೋರ್ಟ್‌ಗೆ 50, ಸೀಲಿಂಗ್ ಗ್ರಿಡ್ ಮತ್ತು ಲೈಟಿಗೆ 100. ಲೆಕ್ಕ ಹಾಕಿದರೆ ಫಾಲ್ಸ್ ಸೀಲಿಂಗ್ ಸರಿಯಾಗಿ 2400ಕ್ಕೆ ಬರುತ್ತದೆ. ಎಲ್ಲರ ಮಾಡೆಲ್ ಒಟ್ಟಿಗಿಟ್ಟು ನೋಡುವ ನೇವಿಸ್‌ವರ್ಕ್ಸ್‌ನಲ್ಲಿ ಕ್ಲ್ಯಾಶ್, ಅಂದರೆ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗ, ಸೊನ್ನೆ. ಖುಷಿಯಾಗಿ ರಿಪೋರ್ಟ್ ಕಳಿಸಿದೆವು, ಕಂಟ್ರಾಕ್ಟರ್ ಡಕ್ಟ್ ಮಾಡಿಸಿಬಿಟ್ಟ. ಸೈಟಿಗೆ ಹೋಗಿ ಟೇಪ್ ಹಿಡಿದರೆ ಬೀಮ್ 750! ಮೂರನೇ ರಿವಿಷನ್‌ನಲ್ಲಿ ಸ್ಟ್ರಕ್ಚರ್‌ನವರು ಬದಲಾಯಿಸಿದ್ದರಂತೆ. ಪಿಡಿಎಫ್ ವಾಟ್ಸಾಪ್ ಗುಂಪಿಗೆ ಬಂದಿತ್ತು, ಹಂಚಿಕೊಂಡ ಫೋಲ್ಡರ್‌ನಲ್ಲಿದ್ದ ಸ್ಟ್ರಕ್ಚರ್ ಮಾಡೆಲ್ ಮಾತ್ರ ಹಳೆಯದೇ ಇತ್ತು. ಈಗ ಸೀಲಿಂಗ್ 2250ಕ್ಕೆ ಇಳಿಯುತ್ತದೆ, ಮಾಲೀಕರು ಒಪ್ಪುತ್ತಿಲ್ಲ.

ಪಿಎಂಸಿಯವರು (ಮಾಲೀಕರ ಪರ ಕೆಲಸ ನೋಡಿಕೊಳ್ಳುವ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್) ನಷ್ಟ ನಿಮ್ಮದೇ ಅಂತ ನಮ್ಮ ಮೇಲೆ 11.4 ಲಕ್ಷದ ಡೆಬಿಟ್ ನೋಟ್ ಹಾಕಿದ್ದಾರೆ. ನಮ್ಮ ಒಟ್ಟು ಫೀಸೇ 9 ಲಕ್ಷ! ಅದರಲ್ಲಿ ಮೂರೂವರೆ ಲಕ್ಷ ಇನ್ನೂ ಬಾಕಿ. ಇದರ ಮಧ್ಯೆ ಮೂಲ ರೆವಿಟ್ ಫೈಲ್ ಕೊಡಿ, ಫ್ಯಾಮಿಲಿಗಳ (ನಾವು ಮಾಡಿಟ್ಟ ಬಿಡಿಭಾಗದ ಮಾಡೆಲ್‌ಗಳ) ಸಮೇತ ಕೊಡಿ, ದುಡ್ಡು ಆಮೇಲೆ ನೋಡೋಣ ಅನ್ನುತ್ತಿದ್ದಾರೆ.

ವರ್ಕ್ ಆರ್ಡರ್‌ನಲ್ಲಿ ಬಿಮ್ ಬಗ್ಗೆ ಇರುವುದು ಎರಡೇ ಸಾಲು. ಎಲ್‌ಓಡಿ 400 ಮಾಡೆಲ್ ಕೊಡಬೇಕು (ಎಲ್‌ಓಡಿ ಅಂದರೆ ಮಾಡೆಲ್‌ನಲ್ಲಿ ಎಷ್ಟು ವಿವರ ಅನ್ನುವ ಮಟ್ಟ). ಉಳಿದ ಕನ್ಸಲ್ಟೆಂಟ್‌ಗಳ ಜೊತೆ ಹೊಂದಾಣಿಕೆ ಮಾಡಿಕೊಳ್ಳಬೇಕು. ಅಷ್ಟೇ.

ಈ ಖರ್ಚು ಯಾರ ತಲೆಗೆ? ಮೂಲ ಫೈಲ್ ಕೊಡಲೇಬೇಕಾ? ಮುಂದಿನ ಕೆಲಸಕ್ಕೆ ಕರಾರಿನಲ್ಲಿ ಏನು ಬರೆಸಲಿ? ಅನುಭವ ಇದ್ದವರು ಹೇಳಿ.

ಪಟಾಕಿ_ಪುಟ್ಟ
ಬಿಮ್‌ನಲ್ಲಿ ಬೀಮೇ ಇಲ್ಲ ಅಂದ್ರೆ ಹೀಗೇ ಆಗೋದು.

ಹುಬ್ಳಿ_ಸೈಟು
ನಾ ಕಂಟ್ರಾಕ್ಟರ್ ಕಡೆಯವ. ಖಾರ ಅನಿಸಿದರ ಬೇಜಾರು ಮಾಡ್ಕೋಬ್ಯಾಡ್ರಿ. ಸೈಟಿನಾಗ ನಮಗ ಬರೋದು ಜಿಎಫ್‌ಸಿ (ಕಟ್ಟಾಕ ಅಂತ ಕೊಟ್ಟ) ಡ್ರಾಯಿಂಗ್, ಅದರ ಮ್ಯಾಲೆ ಸೀಲು, ಸಹಿ. ಬಾರ್ ಬೆಂಡರ್ ರೆವಿಟ್ ನೋಡೂದಿಲ್ಲ. ಬೀಮ್ 750 ಅಂತ ಸಹಿ ಮಾಡಿದ ಡ್ರಾಯಿಂಗ್ ಬಂತು, 750 ಹಾಕಿದ್ವಿ. ನಿಮ್ಮ ಸೊನ್ನೆ ಕ್ಲ್ಯಾಶ್ ರಿಪೋರ್ಟ್ ನಂಬಿ ಡಕ್ಟ್ ಶೀಟು ಕತ್ತರಿಸಿದ್ವಿ. ಇದರಾಗ ನಮ್ಮ ತಪ್ಪು ಎಲ್ಲಿ ಐತ್ರಿ?

ಡಕ್ಟ್_ಮಂಜ
@ಹುಬ್ಳಿ_ಸೈಟು ನಿಮ್ಮ ತಪ್ಪು ಅಂತ ನಾನು ಹೇಳಿಲ್ಲ ಸರ್. ಆದರೆ ನಿಮ್ಮ ಹತ್ತಿರ ಎರಡೂ ಇದ್ದವು ಅಲ್ವಾ? ಒಂದರಲ್ಲಿ 600, ಇನ್ನೊಂದರಲ್ಲಿ 750. ಒಂದು ಮಾತು ಕೇಳಬಹುದಿತ್ತು.

ಹುಬ್ಳಿ_ಸೈಟು
ಕೇಳಾಕ ನಮಗ ರೊಕ್ಕ ಕೊಟ್ಟಾರೇನ್ರಿ? ಹೊಂದಾಣಿಕೆ ಅಂತ ಬರದಿದ್ದು ನಿಮ್ಮ ಆರ್ಡರ್‌ನಾಗ.

ಕಲಂ_73
ವಕೀಲ ನಾನು, ಕಟ್ಟಡದ ಮಧ್ಯಸ್ಥಿಕೆ ಕೇಸುಗಳೇ ಜಾಸ್ತಿ. ಜಗಳ ಆಮೇಲೆ ಆಡಿ, ಮೊದಲು ಮೂರು ವಿಷಯ ತಿಳಿದುಕೊಳ್ಳಿ.

ಡೆಬಿಟ್ ನೋಟ್ ಅಂದರೆ ತೀರ್ಪಲ್ಲ, ಅದೊಂದು ಕಾಗದ. ನಷ್ಟ ಆಗಿದೆ ಅಂತ ಒಬ್ಬರು ಹೇಳಿದ ತಕ್ಷಣ ಅದು ನಿಮ್ಮ ಸಾಲ ಆಗುವುದಿಲ್ಲ. 1872ರ ಕರಾರು ಕಾಯ್ದೆಯ 73ನೇ ಕಲಂ ಪ್ರಕಾರ ನೀವು ಕರಾರು ಮುರಿದಿದ್ದೀರಿ ಅಂತ ತೋರಿಸಬೇಕು. ಆ ನಷ್ಟ ಅದರಿಂದಲೇ ಸಹಜವಾಗಿ ಆಯಿತು ಅಂತ ತೋರಿಸಬೇಕು. ನಷ್ಟ ತಗ್ಗಿಸಲು ಅವರಿಗೆ ಏನು ದಾರಿ ಇತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಇವತ್ತೇ ಲಿಖಿತವಾಗಿ ಒಪ್ಪುವುದಿಲ್ಲ ಅಂತ ಉತ್ತರ ಕೊಡಿ. ಸುಮ್ನೆ ಕೂತರೆ ಮುಂದಿನ ಬಿಲ್ಲಿನಲ್ಲಿ ಕಡಿದುಹಾಕಿ, ಆಗ ಯಾಕೆ ಸುಮ್ಮನಿದ್ದಿರಿ ಅಂತ ಕೇಳುತ್ತಾರೆ.

ಎರಡನೆಯದು ಬಾಕಿ ಹಣ. ನಿಮ್ಮ ಆಫೀಸು ಉದ್ಯಮ್ ನೋಂದಣಿ ಮಾಡಿಸಿದೆಯಾ? ಮಾಡಿಸಿದ್ದರೆ 2006ರ ಎಂಎಸ್‌ಎಂಇಡಿ (ಸಣ್ಣ ಉದ್ದಿಮೆಗಳ) ಕಾಯ್ದೆಯಲ್ಲಿ ಕರಾರಿನಲ್ಲಿ ಎಷ್ಟೇ ದಿನ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು.

ಇನ್ನು ಮೂಲ ಫೈಲ್. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ನಕ್ಷೆ, ಪ್ಲಾನ್ ಎಲ್ಲ ಕಲಾಕೃತಿಯ ಅಡಿಯಲ್ಲಿ ಬರುತ್ತವೆ. ಮಾಡಿದವರೇ ಮೊದಲ ಮಾಲೀಕರು. ನಿಮ್ಮ ಹುಡುಗರು ಮಾಡಿದ್ದು ನಿಮ್ಮದು, ಯಾಕೆಂದರೆ ಅವರು ನೌಕರರು. ಆದರೆ ನೀವು ಮಾಲೀಕರ ನೌಕರರಲ್ಲ, ಕನ್ಸಲ್ಟೆಂಟ್. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಜಾಗ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆ ಕಟ್ಟಡ ಕಟ್ಟಲು ಡ್ರಾಯಿಂಗ್ ಬಳಸುವ ಅನುಮತಿ ಮಾಲೀಕರಿಗೆ ಇದ್ದೇ ಇದೆ, ಅದನ್ನು ತಡೆಯಲು ಹೋಗಬೇಡಿ. ಆದರೆ ತಿದ್ದಬಹುದಾದ ಫೈಲ್ ಕೊಡಬೇಕೋ ಬೇಡವೋ ಅನ್ನುವುದು ವರ್ಕ್ ಆರ್ಡರ್ ಮೇಲೆ ಹೋಗುತ್ತದೆ. ಮಾಡೆಲ್ ಅಂತ ಬರೆದಿದೆ. ಯಾವ ರೂಪದಲ್ಲಿ ಅಂತ ಬರೆದಿಲ್ಲ. ಇಬ್ಬರಿಗೂ ವಾದಕ್ಕೆ ಜಾಗ ಇದೆ.

ಡಕ್ಟ್_ಮಂಜ
ಉದ್ಯಮ್ ಇದೆ ಸರ್. ಈ ಬಡ್ಡಿ ವಿಷಯ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್.

ಕಂಬ_ಕುಲಕರ್ಣಿ
ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಪರವಾಗಿ ಒಂದು ಮಾತು. ಯಾರೂ ಹೇಳುತ್ತಿಲ್ಲ, ನಾನೇ ಹೇಳಬೇಕು. ನಮಗೆ ಚದರಡಿಗೆ ಇಷ್ಟು ರೂಪಾಯಿ ಅಂತ ಚೌಕಾಸಿ ಮಾಡಿ 2ಡಿಗೆ ಮಾತ್ರ ದುಡ್ಡು ಕೊಡುತ್ತಾರೆ. ಮಾಡೆಲ್ ಮಾಡುವವರು ಇನ್ಯಾರೋ ಮೂರನೆಯವರು, ನಮ್ಮ ಪಿಡಿಎಫ್ ನೋಡಿ ಅಚ್ಚು ಹೊಡೆಯುವವರು. ಆ ಮಾಡೆಲ್ ಮೇಲೆ ನಮ್ಮ ಹೆಸರಿದೆ, ನಮ್ಮ ಕೈ ಇಲ್ಲ. ಮಂಜಣ್ಣ, ನಿಮ್ಮ ಕೆಲಸದಲ್ಲಿ ಸ್ಟ್ರಕ್ಚರ್ ಮಾಡೆಲ್ ಮಾಡಿದ್ದು ಯಾರು? ಅದನ್ನು ಮೊದಲು ಹೇಳಿ.

ಡಕ್ಟ್_ಮಂಜ
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಪಿಎಂಸಿಯವರೇ ಹೊರಗಿನ ಒಂದು ತಂಡಕ್ಕೆ ಕೊಟ್ಟಿದ್ದರು. ಆ ತಂಡದ ಕೆಲಸ ಎರಡನೇ ರಿವಿಷನ್‌ಗೇ ಮುಗಿದಿತ್ತಂತೆ. ಮೂರನೆಯದು ಬಂದಾಗ ಮಾಡೆಲ್ ತಿದ್ದುವವರೇ ಯಾರೂ ಇರಲಿಲ್ಲ.

ಕಂಬ_ಕುಲಕರ್ಣಿ
ಹಾಗಾದರೆ ಮುಗೀತು ಬಿಡಿ. ಡೆಬಿಟ್ ನೋಟ್ ಹಾಕಿದವರೇ ಮಾಡೆಲ್ ಅನಾಥ ಮಾಡಿದ್ದಾರೆ.

ಹುಬ್ಳಿ_ಸೈಟು
ಈ ಮಾತು ಮೊದಲನೇ ಪೋಸ್ಟ್‌ನಾಗ ಬರೀಬೇಕಿತ್ತಲ್ರಿ ಮಾರಾಯ್ರ. ನಾ ಸುಮ್ನ ಬೈದೆ.

ಥೇಮ್ಸ್_ದಂಡೆ
ಲಂಡನ್‌ನಲ್ಲಿ ಹನ್ನೆರಡು ವರ್ಷದಿಂದ ಇನ್ಫರ್ಮೇಶನ್ ಮ್ಯಾನೇಜರ್ ಕೆಲಸದಲ್ಲಿದ್ದೇನೆ, ಮೂಲ ತುಮಕೂರು. ಇಲ್ಲಿ 2013ರಲ್ಲೇ ಸಿಐಸಿ (ಕಟ್ಟಡ ಉದ್ಯಮದ ಮಂಡಳಿ) ಬಿಮ್ ಪ್ರೊಟೋಕಾಲ್ ಅಂತ ಬಂತು. ಕೆಲವೇ ಪುಟ. ಮಾಲೀಕ ಪ್ರತಿಯೊಬ್ಬರ ಜೊತೆ ಮಾಡಿಕೊಳ್ಳುವ ಕರಾರಿಗೂ ಅದೇ ಪುಟಗಳನ್ನು ಲಗತ್ತಿಸುತ್ತಾರೆ. ಆಗ ಆರ್ಕಿಟೆಕ್ಟ್, ಸ್ಟ್ರಕ್ಚರ್, ಎಂಇಪಿ, ಕಂಟ್ರಾಕ್ಟರ್ ಎಲ್ಲರಿಗೂ ಒಂದೇ ನಿಯಮ. ಯಾರು ಯಾವ ಮಾಡೆಲ್ ಕೊಡಬೇಕು, ಯಾವ ಹಂತದಲ್ಲಿ ಎಷ್ಟು ವಿವರ, ಯಾರು ಯಾತಕ್ಕೆ ಬಳಸಬಹುದು, ಎಲ್ಲ ಅದರಲ್ಲಿ. ಫೈಲ್ ಕಳಿಸುವಾಗ ಹಾಳಾದರೆ ಅಥವಾ ನೀವು ಕೊಟ್ಟ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ ಹೊಣೆ ನಿಮ್ಮದಲ್ಲ ಅಂತಲೂ ಇದೆ. 2018ರಲ್ಲಿ ಎರಡನೇ ಆವೃತ್ತಿ ಬಂತು. ಅದೇ ವರ್ಷ ಬಿಮ್ ಮಾಹಿತಿ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 19650 ಬಂದಿದ್ದರಿಂದ, ಅದಕ್ಕೆ ಹೊಂದುವ ಹೊಸ ಪ್ರೊಟೋಕಾಲ್ 2020ರಲ್ಲಿ ಬಂತು. ಎನ್‌ಇಸಿ4 ಅನ್ನುವ ಇಲ್ಲಿನ ಮಾದರಿ ಕರಾರಿನಲ್ಲಂತೂ ಎಕ್ಸ್10 ಅಂತ ಇದಕ್ಕೇ ಒಂದು ಆಯ್ಕೆ ಇದೆ.

ಮುಖ್ಯವಾದದ್ದು ಸ್ಟೇಟಸ್ ಕೋಡ್. ಹಂಚಿಕೊಂಡ ಜಾಗದಲ್ಲಿ ಪ್ರತಿ ಫೈಲಿಗೂ ಎಸ್1, ಎಸ್2, ಎಸ್3 ಅಂತ ಹಣೆಪಟ್ಟಿ ಇರುತ್ತದೆ. ಎಸ್1 ಅಂದರೆ ಹೊಂದಾಣಿಕೆಗೆ ಬಳಸಿ. ಎಸ್2 ಅಂದರೆ ಸುಮ್ನೆ ಮಾಹಿತಿಗೆ. ಎಸ್3 ಅಂದರೆ ನೋಡಿ ಅಭಿಪ್ರಾಯ ಹೇಳಿ. ಕಟ್ಟಲು ಕೊಟ್ಟಿದ್ದಕ್ಕೆ ಬೇರೆಯೇ ಕೋಡ್. ಮಂಜ ಅವರ ಫೋಲ್ಡರ್‌ನಲ್ಲಿ ಆ ಹಳೇ ಮಾಡೆಲ್ ಮೇಲೆ ಏನು ಬರೆದಿತ್ತು?

ಡಕ್ಟ್_ಮಂಜ
ಫೈಲ್ ಹೆಸರು "ಸ್ಟ್ರಕ್ಚರ್ ಫೈನಲ್ ಲೇಟೆಸ್ಟ್ 2" ಅಂತ ಇತ್ತು.

ಪಟಾಕಿ_ಪುಟ್ಟ
ನಮ್ಮಲ್ಲಿ "ಫೈನಲ್ ಫೈನಲ್ ದೇವರಾಣೆ" ಅಂತ ಒಂದು ಫೈಲ್ ಇದೆ. ಅದಕ್ಕೂ ಆಮೇಲೆ ನಾಲ್ಕು ರಿವಿಷನ್ ಬಂದಿವೆ.

ಕುಡ್ಲದ_ದುಬೈವಾಲ
ನಮ್ಮ ದುಬೈ ಕಥೆ ಕೇಳಿ ಮಾರಾಯ್ರೇ. ಇಲ್ಲಿ ಮುನಿಸಿಪಾಲಿಟಿಯೇ 2014ರಿಂದ ಬಿಮ್ ಕಡ್ಡಾಯ ಮಾಡಿತು. ಮೊದಲು 40 ಮಹಡಿ ಮೀರಿದ್ದು, 3 ಲಕ್ಷ ಚದರಡಿ ಮೀರಿದ್ದು, ಆಸ್ಪತ್ರೆ, ಯೂನಿವರ್ಸಿಟಿ ಅಂಥವಕ್ಕೆ. ಮರುವರ್ಷ ಅದನ್ನು 20 ಮಹಡಿ, 2 ಲಕ್ಷ ಚದರಡಿಗೆ ಇಳಿಸಿದರು. ಬಿಮ್ ಇದೆ, ಬಿಇಪಿ (ಬಿಮ್ ಕೆಲಸ ಹೇಗೆ ನಡೆಸಬೇಕು ಅನ್ನುವ ಯೋಜನೆ) ಇದೆ, ನೂರು ಪುಟ ಇದೆ. ಆದರೆ ಆ ಬಿಇಪಿ ಕರಾರಿನ ಭಾಗವೋ ಅಲ್ಲವೋ ಅಂತ ಕೇಳಿದರೆ ಎಲ್ಲರೂ ಎಸಿ ಕಡೆ ನೋಡುತ್ತಾರೆ! ನಾನು ಮಾಡಿದ ಒಂದು ಟವರ್‌ನಲ್ಲಿ ಬಿಇಪಿಯಲ್ಲಿ ವಾರಕ್ಕೊಮ್ಮೆ ಮಾಡೆಲ್ ಹೊಸದು ಮಾಡಬೇಕು ಅಂತ ಇತ್ತು. ಒಬ್ಬ ಸಬ್ ಕಂಟ್ರಾಕ್ಟರ್ ಎರಡು ತಿಂಗಳು ಮಾಡಲೇ ಇಲ್ಲ. ಕೇಳಿದರೆ "ನನ್ನ ಕರಾರಿನಲ್ಲಿ ಬಿಇಪಿ ಎಂಬ ಪದ ತೋರಿಸಿ" ಅಂದ. ತೋರಿಸಲು ಇರಲಿಲ್ಲ. ನಾವು ಬಾಯಿ ಮುಚ್ಚಿಕೊಂಡು ಬಂದೆವು.

ನಿವೃತ್ತ_ಇಇ
ಅದಕ್ಕೇ ಹೇಳುವುದು, ಬಿಇಪಿಯನ್ನೇ ಕರಾರಿನ ದಾಖಲೆ ಮಾಡಿಬಿಡಬೇಕು.

ಥೇಮ್ಸ್_ದಂಡೆ
@ನಿವೃತ್ತ_ಇಇ ಸರ್, ದಯವಿಟ್ಟು ಹಾಗೆ ಮಾಡಬೇಡಿ. ಬಿಇಪಿ ಕೆಲಸ ಸಾಗಿದಂತೆ ಬದಲಾಗುತ್ತಲೇ ಇರುತ್ತದೆ. ಅದು ಕರಾರಿನ ಭಾಗವಾದರೆ ಒಂದು ಫೋಲ್ಡರ್ ಹೆಸರು ಬದಲಾಯಿಸಲೂ ಕರಾರು ತಿದ್ದುಪಡಿ ಬೇಕು. ಕಂಟ್ರಾಕ್ಟರ್ ಅದಕ್ಕೂ ಎಕ್ಸ್‌ಟ್ರಾ ಕೇಳುತ್ತಾನೆ.

ನಿವೃತ್ತ_ಇಇ
ಹಾಗಂತ ಹೊರಗಿಟ್ಟರೆ ದುಬೈಯವರು ಹೇಳಿದ ಹಾಗೆ ಆಗುತ್ತದಲ್ಲಪ್ಪ. ಹಲ್ಲಿಲ್ಲದ ಹುಲಿ.

ಕಲಂ_73
ಇಬ್ಬರೂ ಸರಿ, ಅದಕ್ಕೇ ಎರಡು ಕಾಗದ ಬೇಕು. ಹಕ್ಕು, ಹೊಣೆ, ಎರಡು ದಾಖಲೆ ಬೇರೆ ಹೇಳಿದರೆ ಯಾವುದು ಮೇಲು, ಪಾಸ್‌ವರ್ಡ್, ಫೈಲ್ ಹಸ್ತಾಂತರ, ಇವು ಪ್ರೊಟೋಕಾಲ್‌ನಲ್ಲಿರಲಿ. ಅದು ಕರಾರಿಗೆ ಅಂಟಿಕೊಂಡಿರಲಿ, ಬದಲಾಗುವುದು ಬೇಡ. ದಿನನಿತ್ಯದ ರೀತಿ ನೀತಿ ಬಿಇಪಿಯಲ್ಲಿರಲಿ. ಪ್ರೊಟೋಕಾಲ್‌ನಲ್ಲಿ ಒಂದೇ ಸಾಲು ಹಾಕಿ: ಆಗ ಜಾರಿಯಲ್ಲಿರುವ ಬಿಇಪಿಯನ್ನು ಪಾಲಿಸುವುದು ಎಲ್ಲರ ಕರ್ತವ್ಯ, ಅದರ ಬದಲಾವಣೆಗೆ ಏಳು ದಿನದಲ್ಲಿ ಆಕ್ಷೇಪಣೆ ಹೇಳಬಹುದು. ಹುಲಿಗೆ ಹಲ್ಲು ಬಂತು, ಪಂಜರವೂ ಉಳಿಯಿತು.

ನಿವೃತ್ತ_ಇಇ
ಇದು ಒಪ್ಪುವ ಮಾತು. ನಮ್ಮ ಸರ್ಕಾರಿ ಕಡೆಯ ಸಂಕಟ ಬೇರೆ. ಕೆಡಬ್ಲ್ಯು-4 ಟೆಂಡರ್ ಪುಸ್ತಕ ಇಟ್ಟುಕೊಂಡು, 1999ರ ಪಾರದರ್ಶಕ ಕಾಯ್ದೆಯ ಅಡಿಯಲ್ಲಿ ಕಡಿಮೆ ದರದವರಿಗೆ ಕೊಡುತ್ತೇವೆ. ಯಾರೋ ಬೇರೆ ಟೆಂಡರ್‌ನಿಂದ "ಬಿಮ್ ಬಳಸತಕ್ಕದ್ದು" ಅಂತ ಒಂದು ಸಾಲು ತಂದು ಅಂಟಿಸುತ್ತಾರೆ. ಬಿಓಕ್ಯೂನಲ್ಲಿ (ಕೆಲಸ, ಪ್ರಮಾಣ, ದರದ ಪಟ್ಟಿಯಲ್ಲಿ) ಅದಕ್ಕೆ ಐಟಂ ಇಲ್ಲ, ದರ ಇಲ್ಲ. ದರ ಇಲ್ಲದ ಕೆಲಸ ಯಾವ ಕಂಟ್ರಾಕ್ಟರ್ ಮಾಡುತ್ತಾನೆ? ಕೊನೆಗೆ ಯಾವುದೋ ಬಣ್ಣ ಬಣ್ಣದ ವಿಡಿಯೋ ಕೊಟ್ಟು ಬಿಮ್ ಆಯಿತು ಸಾರ್ ಅನ್ನುತ್ತಾನೆ. ಮೆಟ್ರೋದಂಥ ಕಡೆ ಪರಿಸ್ಥಿತಿ ಉತ್ತಮ. ನಾಗಪುರ ಮೆಟ್ರೋದವರು 5ಡಿ ಬಿಮ್ ಅಂತ ಸಮಯ, ಖರ್ಚು ಎರಡನ್ನೂ ಮಾಡೆಲ್‌ಗೆ ಕಟ್ಟಿದರು.

ಫೈನಲ್_ಇಯರ್
ಕ್ಷಮಿಸಿ, ಸಿವಿಲ್ ವಿದ್ಯಾರ್ಥಿನಿ. ಎಲ್‌ಓಡಿ 400 ಅಂದರೆ ಒಳ್ಳೆಯದೇ ಅಲ್ವಾ? ನಂಬರ್ ಜಾಸ್ತಿ ಇದ್ದಷ್ಟೂ ನಿಖರ ಅಂತ ಕ್ಲಾಸಿನಲ್ಲಿ ಹೇಳಿದರು.

ಫ್ಯಾಮಿಲಿ_ಪ್ಲಾನಿಂಗ್
ಹೆಸರು ನೋಡಿ ನಗಬೇಡಿ, ರೆವಿಟ್ ಫ್ಯಾಮಿಲಿ ಮಾಡುವುದೇ ನನ್ನ ಹೊಟ್ಟೆಪಾಡು.

ತಂಗೀ, ಅದು ಪರೀಕ್ಷೆಯ ಅಂಕ ಅಲ್ಲ. 100 ಅಂದರೆ ಇಲ್ಲೊಂದು ಏನೋ ಇದೆ ಅನ್ನುವ ಗುರುತು. 200 ಅಂದಾಜು ಗಾತ್ರ. 300 ನಿಜವಾದ ಗಾತ್ರ, ಜಾಗ. 350ರಲ್ಲಿ ಅಕ್ಕಪಕ್ಕದ ಜೊತೆ ಹೇಗೆ ಸೇರುತ್ತದೆ ಅನ್ನುವುದು ಬರುತ್ತದೆ, ಅಂದರೆ ಸಪೋರ್ಟು, ಹ್ಯಾಂಗರ್. 400 ಅಂದರೆ ಅದನ್ನು ನೋಡಿ ಫ್ಯಾಕ್ಟರಿಯಲ್ಲಿ ತಯಾರಿಸಬಹುದು. 500 ಅಂದರೆ ಕಟ್ಟಿದ ಮೇಲೆ ಸೈಟಿನಲ್ಲಿ ಅಳೆದು ತಾಳೆ ನೋಡಿದ್ದು. ಡಕ್ಟಿನ ಫ್ಲ್ಯಾಂಜ್, ಜಾಯಿಂಟ್, ಶೀಟ್ ಕಟಿಂಗ್ ಕನ್ಸಲ್ಟೆಂಟ್ ಕೆಲಸವೇ ಅಲ್ಲ, ಅದು ಡಕ್ಟ್ ಮಾಡುವವನ ಕೆಲಸ. ಕನ್ಸಲ್ಟೆಂಟ್ ಆಗಿ ಎಲ್‌ಓಡಿ 400ಕ್ಕೆ ಸಹಿ ಹಾಕುವುದು ಅಂದರೆ ದರ್ಜಿ ಕೆಲಸ ಒಪ್ಪಿಕೊಂಡು ಬಟ್ಟೆ ನೇಯ್ಗೆಗೂ ಗ್ಯಾರಂಟಿ ಕೊಟ್ಟಂತೆ.

ಇನ್ನೊಂದು, ಇಡೀ ಮಾಡೆಲ್‌ಗೆ ಒಂದೇ ಎಲ್‌ಓಡಿ ಅನ್ನುವುದೇ ತಪ್ಪು. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಘ ಎಐಎ 2008ರಲ್ಲಿ ಇ202 ಅಂತ ಕರಾರಿಗೆ ಒಂದು ಲಗತ್ತು ತಂದಿತು. ಅದರಲ್ಲಿ ಒಂದು ಪಟ್ಟಿ ಇತ್ತು. ಬೀಮ್ ಒಂದು ಸಾಲು, ಗೋಡೆ ಒಂದು ಸಾಲು, ಡಕ್ಟ್ ಒಂದು ಸಾಲು. ಪ್ರತಿ ಹಂತಕ್ಕೆ ಎಷ್ಟು ಎಲ್‌ಓಡಿ, ಅದನ್ನು ಮಾಡುವವರು ಯಾರು ಅಂತ ಒಂದೊಂದು ಚೌಕದಲ್ಲೂ ತುಂಬಬೇಕು. ಮಂಜ ಅವರ ಕೆಲಸದಲ್ಲಿ ಆ ಪಟ್ಟಿ ಇದ್ದಿದ್ದರೆ "ಬೀಮ್, ಕಟ್ಟುವ ಹಂತ" ಅನ್ನುವ ಚೌಕ ಖಾಲಿ ಇರುವುದು ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು.

ಫೈನಲ್_ಇಯರ್
ಈ ಕೊನೆಯ ಸಾಲಿಂದ ಎಲ್ಲ ಅರ್ಥವಾಯಿತು. ಥ್ಯಾಂಕ್ಯೂ ಅಣ್ಣ.

ಫ್ಯಾಮಿಲಿ_ಪ್ಲಾನಿಂಗ್
ಅಕ್ಕ.

ಫೈನಲ್_ಇಯರ್
ಅಯ್ಯೋ, ಸಾರಿ ಅಕ್ಕ!

ತಣ್ಣನೆ_ಗಾಳಿ
ಕರಾರು ಎಲ್ಲ ಸರಿ. ಈಗ ಡಕ್ಟ್ ಏನು ಮಾಡುತ್ತೀರಿ ಮಂಜ? 150 ಮಿಮೀ ಕಡಿಮೆ ಮಾಡಬೇಕು, ಅಂದರೆ 1600x250 ಮಾಡೋಣ ಅಂತ ಹೊರಟಿದ್ದೀರಾ?

ಡಕ್ಟ್_ಮಂಜ
ಹೌದು, ಅದೇ ಯೋಚನೆ. ಕ್ಷೇತ್ರಫಲ ಅದೇ ಬರುತ್ತದೆ.

ತಣ್ಣನೆ_ಗಾಳಿ
ಕ್ಷೇತ್ರಫಲ ಒಂದೇ ಇದ್ದರೆ ಗಾಳಿ ಒಂದೇ ಥರ ಹೋಗುವುದಿಲ್ಲ ಗುರು. ಅಗಲ, ಎತ್ತರದ ಅನುಪಾತ 6.4ಕ್ಕೆ 1 ಆಯಿತು, 4ಕ್ಕೆ 1 ದಾಟಬಾರದು ಅನ್ನುವುದು ನಮ್ಮ ಕಡೆ ರೂಢಿ. ಘರ್ಷಣೆ ಜಾಸ್ತಿ, ಶೀಟ್ ಜಾಸ್ತಿ, ಸದ್ದು ಜಾಸ್ತಿ. ಎಎಚ್‌ಯು (ತಣ್ಣನೆ ಗಾಳಿ ತಳ್ಳುವ ಯಂತ್ರ) ಫ್ಯಾನಿನ ಸ್ಟ್ಯಾಟಿಕ್ ಪ್ರೆಶರ್ ಮತ್ತೆ ಲೆಕ್ಕ ಹಾಕಿ. ಎರಡು ಸಣ್ಣ ಡಕ್ಟ್ ಮಾಡಿ ಕಾರಿಡಾರಿನ ಎರಡು ಬದಿಗೆ ಒಯ್ಯಿರಿ.

ಹುಬ್ಳಿ_ಸೈಟು
ಎರಡು ಬದಿಗೆ ಕೇಬಲ್ ಟ್ರೇ ಮತ್ತ ಆಕ್ಸಿಜನ್ ಪೈಪು ಅದಾವ್ರಿ. ಎಲ್ಲಾ ಕಾಗದದ ಮ್ಯಾಲೆ ಛಂದ.

ಥೇಮ್ಸ್_ದಂಡೆ
ಇದಕ್ಕೇ ಹೊಂದುವ ಒಂದು ಅಮೆರಿಕದ ಪ್ರಕರಣ 2011ರಲ್ಲಿ ಸುದ್ದಿಯಾಗಿತ್ತು. ಒಂದು ಯೂನಿವರ್ಸಿಟಿಯ ಜೀವವಿಜ್ಞಾನ ಕಟ್ಟಡ. ಆರ್ಕಿಟೆಕ್ಟ್ ಮತ್ತು ಎಂಇಪಿ ಎಂಜಿನಿಯರ್ ಸೇರಿ ಸೀಲಿಂಗ್ ಮೇಲಿನ ಜಾಗದಲ್ಲಿ ಎಲ್ಲವನ್ನೂ ಬಿಮ್‌ನಲ್ಲಿ ಕೂರಿಸಿದರು. ಕೂತಿತು ಕೂಡ. ಆದರೆ ಅದು ಕೂರಬೇಕಾದರೆ ಒಂದು ನಿರ್ದಿಷ್ಟ ಕ್ರಮದಲ್ಲೇ ಜೋಡಿಸಬೇಕಿತ್ತು. ಆ ಕ್ರಮವನ್ನು ಕಂಟ್ರಾಕ್ಟರ್‌ಗೆ ಯಾರೂ ಹೇಳಲಿಲ್ಲ. ಸುಮಾರು 70% ಜೋಡಿಸಿದ ಮೇಲೆ ಜಾಗ ಮುಗಿಯಿತು! ಕಂಟ್ರಾಕ್ಟರ್ ಮಾಲೀಕರ ಮೇಲೆ, ಮಾಲೀಕರು ಆರ್ಕಿಟೆಕ್ಟ್ ಮೇಲೆ, ವಿಮಾ ಕಂಪನಿ ಎಂಜಿನಿಯರ್‌ನನ್ನೂ ಎಳೆದುತಂದಿತು. ಕೊನೆಗೆ ರಾಜಿ. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರು. ಮಾಡೆಲ್ ತಪ್ಪಿರಲಿಲ್ಲ ನೋಡಿ, ಮಾತು ತಪ್ಪಿತ್ತು.

ಪಾಲಿಸಿ_ಪಾರ್ವತಿ
ವಿಮೆ ಅಂದಿರಲ್ಲ, ಈಗ ನನ್ನ ಸರದಿ. ಬಿಮ್ ಮಾಡುವವರೆಲ್ಲ ಬಿಮಾ ಮಾಡಿಸಿ. ಪ್ರೊಫೆಶನಲ್ ಇಂಡೆಮ್ನಿಟಿ ಪಾಲಿಸಿ ಇದೆಯಾ ಮಂಜ ಸರ್? ಇದ್ದರೆ ಡೆಬಿಟ್ ನೋಟ್ ಬಂದ ತಕ್ಷಣ ಕಂಪನಿಗೆ ತಿಳಿಸಿ. ತಡ ಮಾಡಿದರೆ ಅದನ್ನೇ ಕಾರಣ ಮಾಡುತ್ತಾರೆ. ತಪ್ಪು ನಮ್ಮದೇ ಅಂತ ಮಾಲೀಕರಿಗೆ ಎಲ್ಲೂ ಬರೆದು ಕೊಡಬೇಡಿ. ಇನ್ನೊಂದು ಗುಟ್ಟು. ಈ ಪಾಲಿಸಿಗಳು ಸಾಮಾನ್ಯವಾಗಿ ನಿಮ್ಮ ಅಜಾಗರೂಕತೆಗೆ ದುಡ್ಡು ಕೊಡುತ್ತವೆ. ಕರಾರಿನಲ್ಲಿ ನೀವಾಗಿಯೇ "ಒಂದೂ ಕ್ಲ್ಯಾಶ್ ಇರುವುದಿಲ್ಲ" ಅಂತ ಗ್ಯಾರಂಟಿ ಕೊಟ್ಟಿದ್ದರೆ, ಆ ಎಕ್ಸ್‌ಟ್ರಾ ಹೊಣೆಯನ್ನು ಪಾಲಿಸಿ ಹೊರುವುದಿಲ್ಲ. ಕ್ಲ್ಯಾಶ್ ಫ್ರೀ ಅನ್ನುವ ಪದಕ್ಕೆ ಸಹಿ ಹಾಕಲೇಬೇಡಿ.

ಡಕ್ಟ್_ಮಂಜ
ಪಾಲಿಸಿ ಇಲ್ಲ ಮೇಡಂ. ಪ್ರೀಮಿಯಂ ಕೇಳಿ ಸುಮ್ಮನಾಗಿದ್ದೆ.

ಪಾಲಿಸಿ_ಪಾರ್ವತಿ
ಈಗ 11.4 ಲಕ್ಷ ಕೇಳಿದ ಮೇಲೆ ಪ್ರೀಮಿಯಂ ಹೇಗನಿಸುತ್ತಿದೆ?

ಕೀಲಿಕೈ_ಕೃಷ್ಣ
ನನ್ನ ಸಲಹೆ ಸೀದಾ. ದುಡ್ಡು ಬರುವವರೆಗೆ ಮೂಲ ಫೈಲ್ ಕೊಡಬೇಡಿ. ಕ್ಲೌಡ್ ನಿಮ್ಮ ಅಕೌಂಟಿನಲ್ಲಿದ್ದರೆ ಪಾಸ್‌ವರ್ಡ್ ಬದಲಾಯಿಸಿ. ಎಲ್ಲರೂ ಓಡಿಬರುತ್ತಾರೆ.

ಥೇಮ್ಸ್_ದಂಡೆ
ಇದನ್ನೇ ಇಲ್ಲಿ ಒಬ್ಬರು ಮಾಡಿ ಕೋರ್ಟಿನಲ್ಲಿ ಸೋತರು. 2017, ಟ್ರಾಂಟ್ ಎಂಜಿನಿಯರಿಂಗ್ ಮತ್ತು ಮಾಟ್ ಮೆಕ್‌ಡೊನಾಲ್ಡ್ ನಡುವಿನ ಕೇಸು. ಫಾಕ್‌ಲ್ಯಾಂಡ್ ದ್ವೀಪದಲ್ಲಿ ಬ್ರಿಟನ್ ರಕ್ಷಣಾ ಇಲಾಖೆಗೆ ಒಂದು ವಿದ್ಯುತ್ ಕೇಂದ್ರ, ಕೆಲಸ ಸುಮಾರು 5.5 ಕೋಟಿ ಪೌಂಡಿನದು. ಮಾಟ್ ಮೆಕ್‌ಡೊನಾಲ್ಡ್‌ನವರು ವಿನ್ಯಾಸಕರು, ಬಿಮ್ ಕೋಆರ್ಡಿನೇಟರೂ ಅವರೇ. ಹಂಚಿಕೊಂಡ ಸಿಡಿಇಯ (ಎಲ್ಲರ ಫೈಲೂ ಇರುವ ಆನ್‌ಲೈನ್ ಜಾಗದ) ಪಾಸ್‌ವರ್ಡ್ ಕೊಡುವವರೂ ಅವರೇ. ಹಣದ ಜಗಳ ಆಯಿತು, ಅವರು ಪಾಸ್‌ವರ್ಡ್ ಕಿತ್ತುಕೊಂಡರು. ಟ್ರಾಂಟ್ ಕೋರ್ಟಿಗೆ ಹೋಯಿತು. ಕೋರ್ಟು, ಮೊದಲು ಒಳಗೆ ಬಿಡಿ, ಹಣದ ಲೆಕ್ಕ ಆಮೇಲೆ ಅಂತ ಆದೇಶ ಕೊಟ್ಟಿತು. ಟ್ರಾಂಟ್ 4,75,000 ಪೌಂಡ್ ಕೋರ್ಟಿನಲ್ಲಿ ಇಡಬೇಕಾಯಿತು, ಅದು ಬೇರೆ. ತಮಾಷೆ ಏನು ಗೊತ್ತಾ? ಕರಾರು ಯಾವುದು, ಅದರ ಷರತ್ತು ಯಾವುದು ಅನ್ನುವುದರ ಬಗ್ಗೆಯೇ ಅವರಿಬ್ಬರಿಗೆ ತಕರಾರಿತ್ತು. ಅಷ್ಟು ದೊಡ್ಡ ಕಂಪನಿಗಳು!

ಕೀಲಿಕೈ_ಕೃಷ್ಣ
ಅದು ಲಂಡನ್. ಇಲ್ಲಿ ಕೋರ್ಟಿಗೆ ಹೋಗುವಷ್ಟರಲ್ಲಿ ಆಸ್ಪತ್ರೆಗೆ ಪೇಷೆಂಟ್ ಬಂದಿರುತ್ತಾರೆ.

ಕಲಂ_73
ಕೃಷ್ಣ ಅವರೇ, ಮಧ್ಯಂತರ ಆದೇಶ ಇಲ್ಲೂ ಸಿಗುತ್ತದೆ, ಅದೂ ಬೇಗ. ಹಂಚಿಕೊಂಡ ಜಾಗದ ಬಾಗಿಲು ಮುಚ್ಚುವುದೇ ಬೇರೆ, ಕರಾರಿನಲ್ಲಿ ಇಲ್ಲದ ಫೈಲನ್ನು ಹೊಸದಾಗಿ ಕೊಡದಿರುವುದೇ ಬೇರೆ. ಮೊದಲನೆಯದನ್ನು ಮಾಡಬೇಡಿ. ಮಂಜ ಅವರೇ, ಐಎಫ್‌ಸಿ, ಎನ್‌ಡಬ್ಲ್ಯುಡಿ (ಎರಡೂ ಮೂಲ ಫೈಲ್ ಅಲ್ಲದ ಮಾಡೆಲ್ ರೂಪಗಳು), ಪಿಡಿಎಫ್ ಮೂರನ್ನೂ ಕೊಟ್ಟು ಕೈ ತೊಳೆದುಕೊಳ್ಳಿ. ಮೂಲ ಫೈಲ್‌ಗೆ ಬೇರೆ ಲೈಸೆನ್ಸ್ ಪತ್ರ ಮಾಡಿ: ಈ ಕಟ್ಟಡಕ್ಕೆ ಮಾತ್ರ, ಬೇರೆ ಕಟ್ಟಡಕ್ಕೆ ನಕಲು ಇಲ್ಲ, ನೀವು ತಿದ್ದಿದರೆ ಹೊಣೆ ನಿಮ್ಮದು, ಬಾಕಿ ತೀರಿದ ದಿನದಿಂದ ಜಾರಿ.

ಫ್ಯಾಮಿಲಿ_ಪ್ಲಾನಿಂಗ್
ರೆವಿಟ್ ವರ್ಷನ್ ಕೂಡ ಬರೆಯಿಸಿ. ಒಮ್ಮೆ ಆರ್ಕಿಟೆಕ್ಟ್ ಆಫೀಸಿನ ಹೊಸ ಹುಡುಗ ಶನಿವಾರ ಸಂಜೆ 2022ರ ಸೆಂಟ್ರಲ್ ಫೈಲನ್ನು 2024ರಲ್ಲಿ ತೆರೆದು ಸೇವ್ ಮಾಡಿಬಿಟ್ಟ. ರೆವಿಟ್‌ನಲ್ಲಿ ಹಿಂದಕ್ಕೆ ಬರುವ ದಾರಿ ಇಲ್ಲ. ಸೋಮವಾರ ಬೆಳಿಗ್ಗೆ ನಾಲ್ಕು ಆಫೀಸಿನ ಹದಿನಾಲ್ಕು ಜನ ಕಾಫಿ ಕುಡಿಯುತ್ತಾ ಕೂತಿದ್ದೆವು. ಹಳೇ ಬ್ಯಾಕಪ್ ಹುಡುಕಿ, ಎರಡು ದಿನದ ಕೆಲಸ ಮತ್ತೆ ಮಾಡಿದೆವು. ಆ ಎರಡು ದಿನದ ದುಡ್ಡು? ಯಾರೂ ಕೊಡಲಿಲ್ಲ. ವರ್ಷನ್ ಯಾವುದು ಅಂತ ಎಲ್ಲೂ ಬರೆದಿರಲಿಲ್ಲವಲ್ಲ.

ಕನಸುಗಾರ_ಆರ್ಕಿಟೆಕ್ಟ್
ನೀವೆಲ್ಲ ಬೇಲಿ ಹಾಕುವ ಮಾತೇ ಆಡುತ್ತಿದ್ದೀರಿ. ಕೂಡಿ ಕಟ್ಟುವುದಕ್ಕೆ ಕೂಡಿಯೇ ಕರಾರು ಬೇಕು. ಹೀಥ್ರೂ ಐದನೇ ಟರ್ಮಿನಲ್ ನೋಡಿ. ಅಪಾಯವನ್ನೆಲ್ಲ ವಿಮಾನ ನಿಲ್ದಾಣದ ಮಾಲೀಕರೇ ಹೊತ್ತುಕೊಂಡು, ಎಲ್ಲರನ್ನೂ ಒಂದು ತಂಡ ಮಾಡಿದರು. ತಪ್ಪು ಯಾರದು ಅಂತ ಹುಡುಕುವ ಬದಲು ಸರಿ ಮಾಡುವುದು ಹೇಗೆ ಅಂತ ನೋಡಿದರು. 2008ರಲ್ಲಿ ಹೇಳಿದ ದಿನಕ್ಕೇ ಬಾಗಿಲು ತೆರೆಯಿತು.

ಪಟಾಕಿ_ಪುಟ್ಟ
ತೆರೆದ ದಿನ ಸಾವಿರಾರು ಸೂಟ್‌ಕೇಸ್ ಕಳೆದುಹೋದವು, ಅದನ್ನೂ ಹೇಳಿ.

ಕನಸುಗಾರ_ಆರ್ಕಿಟೆಕ್ಟ್
ಅದು ಕಟ್ಟಿದವರ ತಪ್ಪಲ್ಲ, ನಡೆಸಿದವರದು!

ಪಟಾಕಿ_ಪುಟ್ಟ
ನೋಡಿ, ತಪ್ಪು ಯಾರದು ಅಂತ ಹುಡುಕಲು ಶುರು ಮಾಡಿಬಿಟ್ಟಿರಿ.

ಹುಬ್ಳಿ_ಸೈಟು
ಸರ, ನಮ್ಮ ರಿಟೆನ್ಷನ್ ರೊಕ್ಕ ವಾಪಸ್ ಬರಾಕ ಎರಡು ವರ್ಷ ಹಿಡಿತೈತಿ. ಅಪಾಯ ಎಲ್ಲಾ ಹೊತ್ಕೊಳ್ಳೋ ಮಾಲೀಕ ಎಲ್ಲೆ ಸಿಗ್ತಾನ ಹೇಳ್ರಿ, ನಾಳೆನೇ ಜೆಸಿಬಿ ಕಳಸ್ತೀನಿ.

ಡಕ್ಟ್_ಮಂಜ
ಒಂದು ವಿಷಯ ಹೇಳಬೇಕು, ಸ್ವಲ್ಪ ನಾಚಿಕೆ. ಇವತ್ತು ವಾಟ್ಸಾಪ್ ಗುಂಪನ್ನು ಹಿಂದಕ್ಕೆ ಉಜ್ಜುತ್ತಾ ಹೋದೆ. ಆ ಬೀಮ್ ಪಿಡಿಎಫ್ ಬಂದದ್ದು ರಾತ್ರಿ 9:47ಕ್ಕೆ. ಅದರ ಮೇಲೆ ಯಾರದೋ ಮಗಳ ಹುಟ್ಟುಹಬ್ಬದ ಫೋಟೋ, ಕೆಳಗೆ ಸಿಮೆಂಟ್ ಲೋಡ್ ಫೋಟೋ. 9:52ಕ್ಕೆ ನಮ್ಮ ಆಫೀಸಿನ ಜೂನಿಯರ್ ಅದಕ್ಕೆ ಹೆಬ್ಬೆಟ್ಟಿನ ಚಿತ್ರ ಒತ್ತಿದ್ದಾನೆ. ಕೇಳಿದರೆ, ಫೋಟೋ ಚೆನ್ನಾಗಿತ್ತು ಅಂತ ಒತ್ತಲು ಹೋದೆ, ಕೈ ತಪ್ಪಿತು ಸಾರ್ ಅನ್ನುತ್ತಾನೆ.

ಕಲಂ_73
ಅಯ್ಯೋ ಶಿವನೇ.

ಕಂಬ_ಕುಲಕರ್ಣಿ
ನಮ್ಮಜ್ಜ ಹೆಬ್ಬೆಟ್ಟು ಒತ್ತಿ ಎರಡು ಎಕರೆ ಕಳೆದುಕೊಂಡಿದ್ದರು. ಕಾಲ ಬದಲಾಗಿಲ್ಲ.

ಕಲಂ_73
ನಗುವ ವಿಷಯ ಅಲ್ಲ ಇದು. 2023ರಲ್ಲಿ ಕೆನಡಾದ ಸಸ್ಕಾಚೆವಾನ್‌ನಲ್ಲಿ ಒಂದು ತೀರ್ಪು ಬಂತು. ರೈತನಿಗೆ ಅಗಸೆ ಬೀಜದ ಖರೀದಿ ಕರಾರಿನ ಫೋಟೋ ಮೊಬೈಲಿಗೆ ಬಂತು, ಅವನು ಹೆಬ್ಬೆಟ್ಟಿನ ಚಿತ್ರ ಕಳಿಸಿದ. ಸಿಕ್ಕಿತು ಅಂತ ಹೇಳಿದ್ದು ಅಷ್ಟೇ ಅಂತ ಅವನ ವಾದ. ಒಪ್ಪಿಗೆಯೇ ಅಂತ ಕೋರ್ಟು ಹೇಳಿ, 82,000 ಡಾಲರ್‌ಗೂ ಜಾಸ್ತಿ ಕಟ್ಟಿಸಿತು. ಅವರಿಬ್ಬರ ಹಿಂದಿನ ವ್ಯವಹಾರಗಳೂ ಹೀಗೇ ಚುಟುಕು ಉತ್ತರದಲ್ಲೇ ಆಗಿದ್ದವು ಅನ್ನುವುದು ಮುಖ್ಯ ಕಾರಣ. ನಮ್ಮ ಕೋರ್ಟುಗಳಿಗೆ ಅದು ಕಟ್ಟಳೆಯಲ್ಲ. ಆದರೆ ನಿಮ್ಮ ಗುಂಪಿನಲ್ಲಿ ಹಿಂದೆಯೂ ಡ್ರಾಯಿಂಗ್‌ಗಳನ್ನು ಹೆಬ್ಬೆಟ್ಟಿನಲ್ಲೇ ಒಪ್ಪಿಕೊಂಡಿದ್ದೀರಾ?

ಡಕ್ಟ್_ಮಂಜ
ಇಲ್ಲ ಸರ್. ಮೊದಲ ಎರಡು ರಿವಿಷನ್ ಇಮೇಲ್‌ನಲ್ಲಿ ಬಂದಿದ್ದವು, ಟ್ರಾನ್ಸ್‌ಮಿಟಲ್ (ರವಾನೆ ದಾಖಲೆಯ) ನಂಬರ್ ಸಮೇತ. ಕಿಕ್‌ಆಫ್ ಮೀಟಿಂಗ್ ಮಿನಿಟ್ಸ್‌ನಲ್ಲೂ ಡ್ರಾಯಿಂಗ್ ಇಮೇಲ್ ಮೂಲಕವೇ ಅಂತ ಪಿಎಂಸಿಯವರೇ ಬರೆದಿದ್ದಾರೆ.

ಕಲಂ_73
ಆ ಮಿನಿಟ್ಸ್ ಬಂಗಾರ. ಜೋಪಾನ. ವಾಟ್ಸಾಪ್ ಗುಂಪನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿಡಿ, ಒಂದು ಸಂದೇಶವನ್ನೂ ಅಳಿಸಬೇಡಿ. ಸಾಕ್ಷ್ಯವಾಗಿ ಕೊಡಬೇಕಾದರೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸರ್ಟಿಫಿಕೇಟ್ ಬೇಕಾಗುತ್ತದೆ. ಆ ಹುಡುಗನನ್ನು ಬೈಯಬೇಡಿ.

ಡಕ್ಟ್_ಮಂಜ
ಎರಡು ವಾರದ ನಂತರ ಬಂದೆ. ಮೀಟಿಂಗ್ ಆಯಿತು. ಮೂರು ಗಂಟೆ, ನಾಲ್ಕು ಸಲ ಟೀ. ನಾನು ಎರಡೇ ಕಾಗದ ಇಟ್ಟೆ: ಕಿಕ್‌ಆಫ್ ಮಿನಿಟ್ಸ್, ಮತ್ತು ಸ್ಟ್ರಕ್ಚರ್ ಮಾಡೆಲ್ ತಂಡದ ಕೆಲಸ ಯಾವತ್ತು ಮುಗಿಯಿತು ಅನ್ನುವ ಪತ್ರ. ಪಿಎಂಸಿ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಡೆಬಿಟ್ ನೋಟ್ ವಾಪಸ್. ಆದರೆ ಹೊಸ ಡಕ್ಟ್ ವಿನ್ಯಾಸ ನಾವು ಬಿಟ್ಟಿ ಮಾಡಿಕೊಡಬೇಕು. ಒಪ್ಪಿದೆ. ಹೆಬ್ಬೆಟ್ಟಿನ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಾಕಿಯಲ್ಲಿ ಎರಡು ಲಕ್ಷ ಬಂತು, ಉಳಿದದ್ದಕ್ಕೆ 45 ದಿನದ ಪತ್ರ ಕಳಿಸಿದ್ದೇನೆ. ಮೂಲ ಫೈಲ್‌ಗೆ ಲೈಸೆನ್ಸ್ ಪತ್ರಕ್ಕೆ ಸಹಿ ಆಗಿದೆ.

ತಣ್ಣನೆ_ಗಾಳಿ
ಡಕ್ಟ್ ಕೊನೆಗೆ ಏನಾಯಿತು?

ಡಕ್ಟ್_ಮಂಜ
1000x250 ಎರಡು ಮಾಡಿದೆ. ಕೇಬಲ್ ಟ್ರೇಯನ್ನು ಪಕ್ಕದ ವಾರ್ಡಿನೊಳಗಿಂದ ತಿರುಗಿಸಿದೆವು. ಆಕ್ಸಿಜನ್ ಪೈಪು ಅಲ್ಲೇ ಇದೆ, ಮುಟ್ಟಿಲ್ಲ.

ಫೈನಲ್_ಇಯರ್
ಹೊಸ ಕೆಲಸದ ಕರಾರಿನ ಕರಡು ಹಂಚಿಕೊಳ್ಳುತ್ತೀರಾ ಸರ್? ಪ್ರಾಜೆಕ್ಟ್ ರಿಪೋರ್ಟಿಗೆ ಬೇಕಿತ್ತು.

ಡಕ್ಟ್_ಮಂಜ
ಹೆಸರು, ಮೊತ್ತ ತೆಗೆದು ಹಾಕುತ್ತೇನೆ ತಂಗಿ. ನಾಲ್ಕು ಪುಟ ಇದೆ, ಬೀಮಿನ ಸಾಲು ಮೊದಲನೆಯದು. ಅಂದ ಹಾಗೆ, ಪಿಎಂಸಿಯವರು ಹಳೇ ವಾಟ್ಸಾಪ್ ಗುಂಪಿನ ಹೆಸರು ಬದಲಾಯಿಸಿ "ಇಲ್ಲಿ ಡ್ರಾಯಿಂಗ್ ಹಾಕಬೇಡಿ" ಅಂತ ಇಟ್ಟಿದ್ದಾರೆ. ನಿನ್ನೆ ರಾತ್ರಿ ಅದರಲ್ಲಿ ಮೊದಲ ಸಂದೇಶ ಬಂತು. ನಾಲ್ಕನೇ ರಿವಿಷನ್ ಪಿಡಿಎಫ್.